ಒಳಾಂಗಣ ವಿನ್ಯಾಸಕ್ಕೆ ಭಾರೀ ಬೇಡಿಕೆ

ಎಳ್ಳೆಣ್ಣೆಯ ವಾಸನೆ ಬೆರಳಿಗೇ ಅಂಟಿಕೊಂಡಿದೆ, ಕಿಂಬಾಪ್ ಅನ್ನದ ಸುರುಳಿ ಅರ್ಧ ಹಾಗೇ ಉಳಿದಿದೆ, ಊಟದ ಹೊತ್ತೆಂದು ಆಫೀಸಿನ ದೀಪಗಳನ್ನೆಲ್ಲ ಆರಿಸಿ ಹೋಗಿದ್ದಾರೆ, ಕತ್ತಲೆಯಲ್ಲಿ ನನ್ನ ಕಂಪ್ಯೂಟರ್ ಪರದೆಯೊಂದೇ, ಅದರ ಮೇಲೆ ಮುಸೋಂಗ್ ಜಿಲ್ಲೆಯ ಆ ಕೆಂಪು ಚುಕ್ಕೆಗಳ ಗುಂಪು — ಊರೂರಿನ ಕೆಲಸದ ಜಾಹೀರಾತುಗಳನ್ನು ಕಂಪ್ಯೂಟರಿಗೆ ಉಣಿಸಿ, ಯಾವ ಕೌಶಲಕ್ಕೆ ಬೇಡಿಕೆಯೋ ಅದನ್ನೇ ಶಾಲೆಯಲ್ಲಿ ಕಲಿಸಿ ಎಂದು ಸಚಿವಾಲಯಕ್ಕೆ ಹೇಳುವುದು ನಮ್ಮ ಕೆಲಸ, ಮುಸೋಂಗ್‌ನಲ್ಲಿ ಮಾತ್ರ ಒಂದೇ ಥರದ ಕೌಶಲಗಳ ಈ ಗುಂಪು ಹುಚ್ಚೆದ್ದು ಬೆಳೆದಿತ್ತು, ಗೋಡೆಕಾಗದ ಕೀಳುವುದು, ನೆಲಹಾಸು ಎಬ್ಬಿಸುವುದು, ಸಾಮಾನು ಸಾಗಿಸುವುದು, ವಾಸನೆ ಹೋಗಲಾಡಿಸುವುದು, ಇನ್ನೇನು, ಒಳಾಂಗಣ ವಿನ್ಯಾಸ, ಹೆಸರಿಟ್ಟವಳು ನಾನೇ, ಟೀಮ್ ಲೀಡರ್ ಪ್ಯೊ ಹಿಗ್ಗಿಹೋದರು, ಭೇಷ್ ಡಾಕ್ಟರ್ ಓಕ್ ಅವರೇ, ಬರೀ ಮುದುಕರಿರೋ ಜಿಲ್ಲೇಲೂ ಜನ ಮನೆ ಚೆಂದ ಮಾಡ್ಕೋತಿದಾರೆ ನೋಡಿ! ಅಲ್ಲಿನ ವೃತ್ತಿಶಾಲೆಯಲ್ಲಿ ಕೋರ್ಸು ಶುರುವಾಯಿತು, ಅಕ್ಕನ ಮಗಳು ನಾರೇ ಕುಣಿದಾಡಿಕೊಂಡು ಸೇರಿದಳು, ಚಿಕ್ಕಮ್ಮಾ ಮೊದಲು ನಿಮ್ಮನೆ ಪರದೆ ಬದಲಾಯಿಸ್ತೀನಿ, ಅಷ್ಟು ಡಲ್ಲಾಗಿದೆ ಅಂತ ಚುಡಾಯಿಸುತ್ತಿದ್ದಳು.

ವರದಿಗೊಂದು ಉದಾಹರಣೆ ಇರಲಿ ಎಂದು ಈಗಷ್ಟೇ ಒಂದು ಜಾಹೀರಾತನ್ನು ತೆರೆದೆ, ಇಡೀ ಜಾಹೀರಾತನ್ನು ನಾವು ಓದುವುದಿಲ್ಲ, ಕೌಶಲದ ಪದಗಳನ್ನಷ್ಟೇ ಹೆಕ್ಕುತ್ತೇವೆ — ಒಂಟಿಯಾಗಿ ಸತ್ತವರ ಮನೆ ತೆರವು, ದೇಹ ತಡವಾಗಿ ಸಿಕ್ಕಿದೆ, ಹೇಸದವರು ಬೇಕು. ಇನ್ನೊಂದು ತೆರೆದೆ, ಅದೇ. ಮತ್ತೊಂದು, ಅದೇ, ಅಯ್ಯೋ ದೇವರೇ, ಇಡೀ ಗುಂಪೇ ಅದು, ಇವತ್ತು ನಾರೇಗೆ ಒಂದು ಕಂಪನಿಯವರ ಜೊತೆ ಯಾರದೋ ಮನೆಯಲ್ಲಿ ಮೊದಲ ತರಬೇತಿ, ಪ್ಯೊಗೆ ಫೋನ್ ಮಾಡಿದರೆ, ಬೇಡಿಕೆ ಇರೋದು ಸುಳ್ಳಾ ಡಾಕ್ಟರೇ, ಇಲ್ವಲ್ಲ, ಮತ್ತೆ? ಸೂಪ್ ಆರೋಗ್ತಿದೆ, ಬಂದ್ಮೇಲೆ ಮಾತಾಡೋಣ ಎಂದು ಇಟ್ಟುಬಿಟ್ಟರು. ಬೇಡಿಕೆ ನಿಜ, ನಾರೇಯ ನಂಬರು ಒತ್ತಿದೆ.

ನಾರೇ ಎತ್ತಿದಳು, ಚಿಕ್ಕಮ್ಮಾ! ಕಂಪನಿಯೋರು ಇನ್ನೂ ಬಂದಿಲ್ಲ, ಬಾಗಿಲು ತೆಗೆದೇ ಇತ್ತು, ಒಳಗೆ ಬಂದ್ಬಿಟ್ಟೆ. ಯಾರ ಮನೆಯೇ ಅದು? ಯಾರೋ ಅಜ್ಜೀದು, ಇಲ್ಲೇ ಎಲ್ಲೋ ಹೋಗಿರ್ಬೇಕು, ಚಪ್ಪಲಿ ಹೊಸ್ತಿಲಲ್ಲೇ ಇದೆ, ಪಕ್ಕದಲ್ಲೇ ನಾನೂ ಶೂ ಬಿಚ್ಚಿಟ್ಟೆ. ಬಿಚ್ಚಿಟ್ಟಳಂತೆ, ಆ ಕೆಲಸದವರು ಶೂ ಮೇಲೊಂದು ಕವಚ ಹಾಕಿಕೊಂಡು ನುಗ್ಗುತ್ತಾರೆ, ಇವಳು ಮರ್ಯಾದಸ್ಥರ ಮಗಳು, ಕಂಡವರ ಮನೆಗೆ ಶೂ ಹಾಕಿಕೊಂಡು ಹೋಗುವಳೇ — ನಾರೇ, ಹೊರಗೆ ಬಾ, ಈಗಲೇ. ಯಾಕೆ ಚಿಕ್ಕಮ್ಮಾ? ಸ್ವಲ್ಪ ವಾಸನೆ ಅಷ್ಟೆ, ಕಿಮ್ಚಿ ಕೆಟ್ಟಿರ್ಬೇಕು, ನೆಲ ಬೆಚ್ಚಗಿದೆ, ನೆಲ ಕಾಯಿಸೋ ಬಾಯ್ಲರ್ ಯಾರೂ ಆರಿಸೇ ಇಲ್ಲ ಪಾಪ, ಕಾಲು ಅಂಟತ್ತೆ, ತಾಳಿ, ಫೋಟೋ ಕಳಿಸ್ತೀನಿ, ನೆಲಕ್ಕೆ ಯಾವ ಬಣ್ಣ ಹಾಕ್ಲಿ ಹೇಳಿ.

ಫೋಟೋ ಬಂತು, ಹಳದಿ ನೆಲ, ನಡುವೆ ಕಪ್ಪು ಕಲೆ, ಕಲೆಗೆ ಹೆಗಲಿದೆ, ಮಡಚಿದ ಮೊಣಕಾಲಿದೆ, ಮಗ್ಗುಲಾಗಿ ಮಲಗಿದ ಹಾಗೆ, ತಲೆ ಇರಬೇಕಾದ ಕಡೆ ನಾರೇಯ ಎರಡು ಬಿಳಿ ಕಾಲುಚೀಲ, ಫೋಟೋ ದೊಡ್ಡದು ಮಾಡಿದೆ, ಬಿಳಿ ಕಾಲುಚೀಲ, ಅಂಚು ಒದ್ದೆ, ಬಿಳಿ ಕಾಲುಚೀಲ