ಬೇಡ ಅಂದದ್ದು ಯಾವುದಕ್ಕೆ

ಸುತ್ತುತ್ತಲೇ ಇದೆ ಪರದೆಯ ನಡುವಿನ ಆ ನೀಲಿ ಉಂಗುರ, ನಮ್ಮ ಯಜಮಾನರು, ಇವರು, ಟೈಪ್ ಮಾಡಿ ಎಷ್ಟು ಹೊತ್ತಾಯಿತು, ದನಿ ಮಾತ್ರ ಬರುತ್ತಿಲ್ಲ, ಮೊನ್ನೆಯವರೆಗೆ ತಡವರಿಸಿಯಾದರೂ ಮಾತಾಡುತ್ತಿದ್ದ ಕಂಪ್ಯೂಟರ್ ಹೊಸ ಮೆಮೊರಿ ಹಾಕಿದ ಮೇಲೆ ಹೀಗೆ ಕಾಲೆಳೆಯುತ್ತಿದೆ, ಹೊಸದು ಹಾಕಿದರೆ ಹಳೆಯದಕ್ಕಿಂತ ನಿಧಾನವಾಗುವುದು ಅಂದರೇನು, ನನಗಂತೂ ತಲೆಬುಡ ತಿಳಿಯುತ್ತಿಲ್ಲ — ಅಕ್ಕಾ, ಇದೊಂದು ಮೆಮೊರಿ ಪಟ್ಟಿ ಹಾಕ್ಬಿಡಿ, ಕುದುರೆ ಥರ ಓಡತ್ತೆ, ಟಕ್ ಅನ್ನೋವರೆಗೆ ಒತ್ತಿ ಅಷ್ಟೇ, ಅಂಗಡಿಯವನಿಗೇನು, ಹೇಳಿ ಕೈ ತೊಳೆದುಕೊಂಡ, ಒತ್ತಿದೆ, ಟಕ್ ಅಂದಿತು, ಹೊಲಿಗೆ ಯಂತ್ರವನ್ನೇ ಬಿಚ್ಚಿ ಜೋಡಿಸುವವಳಿಗೆ ಇದ್ಯಾವ ಮಹಾ ಕೆಲಸ ಎಂದು ಬೀಗಿದವಳು ನಾನೇ. ಬೆಳಿಗ್ಗೆ ತೆಗೆದು ಮತ್ತೆ ಹಾಕಿದೆ, ಪಕ್ಕದ ಸೀಳಿಗೆ ಬದಲಾಯಿಸಿದೆ, ಪರದೆ ನೋಡಿದರೆ ಮೆಮೊರಿ ದುಪ್ಪಟ್ಟಾಗಿದೆ ಎನ್ನುತ್ತದೆ, ಹಾಗಾದರೆ ಆ ದುಪ್ಪಟ್ಟು ಎಲ್ಲಿ ಹಾಳಾಗಿ ಹೋಯಿತು. ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ ಇವರು, ಉಸಿರು ಬಿಡದೆ ಬೆಲೆ ಏರಿಸುತ್ತಿದ್ದ ಗಂಟಲು, ಆಪರೇಶನ್ ಆದ ಮೇಲೆ ಅಲ್ಲಿ ಬರೀ ಗಾಳಿ, ಟೈಪ್ ಮಾಡಿದ್ದನ್ನು ಈ ಡಬ್ಬವೇ ಓದಿ ಹೇಳಬೇಕು, ಯಾರದೋ ಗಂಡಸಿನ ದನಿಯಲ್ಲಿ, ಅದೂ ಈಗ ಎಷ್ಟು ತಡವೆಂದರೆ ನಾನು ಸ್ನಾನಕ್ಕೆ ನೀರು ಕಾದಿದೆ ಅಂದಾಗ, ತಿಂಡಿ ತಿನ್ನುತ್ತಾ ಇವರು ಟೈಪ್ ಮಾಡಿದ್ದನ್ನು ಹೇಳಿತು, ಉಪ್ಪು ಕಮ್ಮಿ ಎಂದು, ಇಬ್ಬರೂ ನಕ್ಕೆವು, ಇವರ ನಗುವಿಗೆ ಸದ್ದಿರಲಿಲ್ಲ.

ಈಗ ನಗು ಬರುತ್ತಿಲ್ಲ, ಮೇಜಿನ ಕೆಳಗೆ ತೂರಿ ಪೆಟ್ಟಿಗೆಯ ಮಗ್ಗುಲ ತಗಡು ಬಿಚ್ಚುತ್ತಾ ಕೂತಿದ್ದೇನೆ, ಆಫ್ ಮಾಡುವ ಹಾಗಿಲ್ಲ, ಮಾಡಿದರೆ ಇವರು ಟೈಪ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಇಲ್ಲಿಂದ ಕಾಣುವುದು ಇವರ ಎರಡು ಪಾದ ಅಷ್ಟೇ, ಮುಖ ನೋಡಿ ಕೇಳುವ ಧೈರ್ಯವಿಲ್ಲದೆ ಇಲ್ಲಿಂದಲೇ ಕೇಳಿಬಿಟ್ಟೆ, ಸಂಜೆ ಡಾಕ್ಟರಮ್ಮ ಫೋನ್ ಮಾಡ್ತಾರೆ, ಇನ್ನೊಂದು ಆಪರೇಶನ್ ಮಾಡಿಸೋಣ ತಾನೇ ಅಂತ, ಅದರ ಬಾಲಕ್ಕೇ ಟೀ ಮಾಡ್ಲಾ ಅಂತ ಇನ್ನೊಂದು ಸೇರಿಸಿದೆ, ಮೇಲೆ ಕೀಲಿಗಳು ಪಟಪಟ ಅಂದವು, ನಿಂತವು, ಮತ್ತೆ ಪಟಪಟ, ಎಷ್ಟೋ ಹೊತ್ತಿಗೆ ಆ ಗಂಡಸಿನ ದನಿ ಬಂತು — ಬೇಡ. ಒಂದೇ ಮಾತು. ಯಾವುದು ಬೇಡ, ಟೀ ಇರಬೇಕು, ಟೀಯೇ, ಯಾರಾದರೂ ಕೊನೆಗೆ ಕೇಳಿದ್ದಕ್ಕೆ ತಾನೇ ಮೊದಲು ಉತ್ತರ ಕೊಡುವುದು, ಆದರೆ ಮದುವೆಯಾದಂದಿನಿಂದ ಟೀ ಬೇಡ ಎಂದವರಲ್ಲವಲ್ಲ ಈ ಪುಣ್ಯಾತ್ಮ, ಜ್ವರದಲ್ಲೂ ಎಂದವರಲ್ಲ, ಇರಲಿ, ಇವತ್ತು ಹೊಟ್ಟೆ ಸರಿಯಿಲ್ಲವೇನೋ, ಆಪರೇಶನ್ ಮಾಡಿಸದಿದ್ದರೆ ವರ್ಷ ದಾಟೋದು ಕಷ್ಟ ಅಂತ ಡಾಕ್ಟರಮ್ಮ ಇವರೆದುರೇ ಹೇಳಿದ್ದಾರೆ, ಗೊತ್ತಿದ್ದೂ ಬೇಡ ಎನ್ನುತ್ತಾರಾ, ನನಗೆ ಇವರು ಬೇಕು, ದನಿ ಇಲ್ಲದಿದ್ದರೂ ಬೇಕು. ಎದ್ದು ಕೇಳಬಹುದು, ಏಳುವುದಿಲ್ಲ, ಮೊದಲು ಇದು ಸರಿಯಾಗಲಿ. ಎಷ್ಟು ಸದ್ದಿಲ್ಲದೆ ಕೂತಿದೆ ಪೆಟ್ಟಿಗೆ, ಮುಂಚೆ ಗೊರ್ ಅನ್ನುತ್ತಿತ್ತು, ಮೆಮೊರಿ ಬಂದು ತಣ್ಣಗಾಯಿತು ಎಂದು ಖುಷಿಪಟ್ಟಿದ್ದೆ, ಅಯ್ಯೋ ಬೆರಳು, ಚುರ್ ಅಂದಿತು, ಒಳಗಿನ ಈ ಲೋಹದ ಬಿಲ್ಲೆ ಕಾದ ಹೆಂಚಾಗಿದೆ, ತಣ್ಣಗೆ ಎಲ್ಲಿ ಬಂತು, ಅದರ ಮೇಲಿನ ಫ್ಯಾನು ನಿಂತೇಹೋಗಿದೆ, ವೈರು ನೇತಾಡುತ್ತಿದೆ — ಪಟ್ಟಿ ಒತ್ತುವಾಗ ನನ್ನ ಕೈಯೇ ಎಳೆದಿರಬೇಕು, ಮೆಮೊರಿಯದ್ದೇನೂ ತಪ್ಪಿಲ್ಲ, ಪಾಪ, ಕಂಪ್ಯೂಟರೇ ಬೇಯುತ್ತಾ ಬೇಯುತ್ತಾ ನಿಧಾನ ಮಾಡಿಕೊಂಡಿದೆ, ಹೊಲಿಗೆಯ ಚಿಮುಟದಲ್ಲಿ ವೈರನ್ನು ಹಿಡಿದು ಸಿಕ್ಕಿಸಿದೆ, ತಿರುಗಿತು, ಗಾಳಿ ಮುಖಕ್ಕೆ ಬಿಸಿಯಾಗಿ ಬಡಿಯುತ್ತಿದೆ, ಇನ್ನೂ ಬಿಸಿ, ಈಗ ಅಷ್ಟಿಲ್ಲ, ಈಗ ಪರವಾಗಿಲ್ಲ, ಗೆದ್ದೆ ಅನ್ನುವಷ್ಟರಲ್ಲಿ ಮೇಲಿಂದ ದನಿ, ತಡವರಿಸದೆ, ಸ್ಪಷ್ಟವಾಗಿ — ಟೀ ಮಾಡು, ಸ್ಟ್ರಾಂಗಾಗಿರಲಿ, ನೀನೂ ಕುಡಿ. ಟೀ ಬೇಕಂತೆ. ಟೀ ಬೇಕು. ಹಾಗಾದರೆ ಆಗಿನ ಆ ಬೇಡ — ಮೇಜಿನ ಅಂಚಿನಿಂದ ಇವರ ಕೈ ಕೆಳಗಿಳಿದಿದೆ, ನನ್ನನ್ನು ಎಬ್ಬಿಸಲು, ಅಂಗೈ ಬಿಚ್ಚಿಕೊಂಡು, ಹಿಡಿದರೆ ಏಳಬೇಕು, ಎದ್ದರೆ ಮುಖ ನೋಡಬೇಕು, ಫ್ಯಾನು ತಿರುಗುತ್ತಿದೆ, ಕೈ ಹಾಗೇ ಇದೆ, ಟೀ ಬೇಕಂತೆ, ಕೈ ಹಾಗೇ ಇದೆ