ಮೊಲದ ಇನ್ನೊಂದು ಕಣ್ಣು

ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕಣ್ಣು ಮುಚ್ಚುವುದನ್ನು ಹೆಲೆನ ಬಿಟ್ಟು ಬಹಳ ದಿನವಾಗಿತ್ತು. ಚಿದ್ರಿ ಬಡಾವಣೆಯ ಮನೆಯಲ್ಲಿ ಗಂಡ ಅಬ್ರಹಾಮ ತಲೆ ಬಗ್ಗಿಸಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದರೆ ಇವಳು ತಟ್ಟೆಯ ರೊಟ್ಟಿಯನ್ನೇ ದಿಟ್ಟಿಸುತ್ತಾ ಕೂರುವಳು. ಕಣ್ಣು ಮುಚ್ಚಿದರೆ ಸಾಕು, ಮೊಲದ ಕಣ್ಣು ಬಂದು ಎದುರಿಗೆ ನಿಲ್ಲುತ್ತಿತ್ತು. ಹಾಳಾದ ಕಣ್ಣಲ್ಲ, ನೆಟ್ಟಗಿರುವ ಇನ್ನೊಂದು ಕಣ್ಣು. ಔರಾದದಲ್ಲಿ ತಂಗಿಯ ಮಗಳ ಮದುವೆಯಲ್ಲಿ ಪಾದ್ರಿಗಳು ಆಶೀರ್ವಾದ ಹೇಳುವಾಗಲೂ ಅದು ಬಿಟ್ಟಿರಲಿಲ್ಲ.

"ದೇವರ ಮುಂದೂ ಕಣ್ಣು ತೆರೆದೇ ಕೂಡ್ತಿ, ಯಾಕ?" ಎಂದು ಅಬ್ರಹಾಮ ಕೇಳಿದ.

"ಮುಚ್ಚಿದ್ರ ನಿದ್ದಿ ಬರ್ತದರಿ," ಎಂದು ಸುಳ್ಳು ಹೇಳಿದಳು. ನಿದ್ದೆಯೆಲ್ಲಿ ಬಂತು ಪಾಪ, ಅದು ದೂರವಾಗಿಯೂ ಎಷ್ಟೋ ಕಾಲವಾಗಿತ್ತು.

ಹೆಲೆನ ಗಾಂಧಿ ಗಂಜಿನ ಮಾರುಕಟ್ಟೆಯ ಆಚೆ ಒಂದು ಖಾಸಗಿ ಲ್ಯಾಬಿನಲ್ಲಿ ವಿಷವಿಜ್ಞಾನಿ. ನೆಲ ಒರೆಸುವ, ಬಚ್ಚಲು ತೊಳೆಯುವ ದ್ರಾವಣಗಳು ಕಣ್ಣಿಗೆ ಸಿಡಿದರೆ ಎಷ್ಟು ಹಾನಿ ಎಂದು ಹೇಳುವುದು ಅವಳ ಕೆಲಸ. ಮೊಲದ ಒಂದು ಕಣ್ಣಿಗೆ ಹನಿ ಹಾಕಬೇಕು, ಇನ್ನೊಂದನ್ನು ಹೋಲಿಸಿ ನೋಡಲು ಹಾಗೇ ಬಿಡಬೇಕು. ನೋವು ತಗ್ಗಿಸುವ ಮದ್ದು ಕೊಡುತ್ತಾರೆ, ನಿಜ. ಆದರೆ ಒಂದು ಕಣ್ಣು ಬೆಳ್ಳಗಾಗುತ್ತಾ ಹೋಗುವಾಗ ಇನ್ನೊಂದು ಅವಳನ್ನೇ ನೋಡುತ್ತಿತ್ತಲ್ಲ, ಅದಕ್ಕೆಲ್ಲಿಯ ಮದ್ದು? ಕೊನೆಗೆ ಮೊಲವನ್ನು ಕೊಲ್ಲುತ್ತಿದ್ದರು.

ಆ ಸೋಮವಾರ ಹೈದರಾಬಾದಿನ ಹಳೆಯ ಗಿರಾಕಿ ಕಂಪನಿಯೊಂದರ ಹೊಸ ದ್ರಾವಣ ಬಂದಿತ್ತು. ಗೂಡಿನಲ್ಲಿ ಬಿಳಿ ಮೊಲ ಹುಲ್ಲು ಮೆಲ್ಲುತ್ತಿತ್ತು. ಹೆಲೆನ ಕೈಗವಸು ಹಾಕಿಕೊಂಡಳು. ಭಾಲ್ಕಿಯಿಂದ ದಿನಾ ಬಸ್ಸಿಗೆ ಬರುವ ಕಿರಿಯ ವಿಜ್ಞಾನಿ ನಿಷಾ ಗೂಡಿಗೆ ಅಡ್ಡ ನಿಂತಳು.

"ಮೇಡಂ, ಇದನ್ನ ಬಿಡ್ರಿ. ಮನುಷ್ಯರ ಜೀವಕೋಶದಿಂದ ಲ್ಯಾಬಿನ್ಯಾಗ ಬೆಳೆಸಿದ, ಕಣ್ಣಿನ ಮ್ಯಾಲಿನಂಥಾ ತೆಳು ಪದರ ಸಿಗ್ತದರಿ. ಅದರ ಮ್ಯಾಲ ಹಾಕಿ ನೋಡೂಣು. ಈ ದ್ರಾವಣ ಬೀಳೋದು ಮನುಷ್ಯರ ಕಣ್ಣಾಗ, ಮೊಲದ ಕಣ್ಣಾಗ ಅಲ್ಲಲ್ರಿ."

"ನನಗ ಗೊತ್ತಿಲ್ಲೇನು? ಕಂಪನಿಯವ್ರು ಮೊಲದ್ದೇ ಬೇಕಂತಾರ. ನಾ ಏನು ಮಾಡ್ಲಿ?"

"ಅವ್ರು ಹಂಗಂದದ್ದು ನೀವು ಕೇಳೀರೇನ್ರಿ?"

ಹೆಲೆನಳಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದವಳು ತನಗೆ ಕೆಲಸ ಕಲಿಸುವುದೇ? ಆದರೆ ಕಂಪನಿಯವರು ಹಾಗೆ ಅಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಆ ಲ್ಯಾಬಿನಲ್ಲಿ ಪರೀಕ್ಷೆಯ ಯೋಜನೆಯನ್ನು ಯಾರೂ ಹೊಸದಾಗಿ ಬರೆಯುತ್ತಿರಲಿಲ್ಲ. ಹಳೆಯದನ್ನು ತೆಗೆದು, ದ್ರಾವಣದ ಹೆಸರು, ತಾರೀಖು ಬದಲಿಸಿ ಹೆಲೆನ ಕಳಿಸುವಳು, ಕಂಪನಿಯವರು ಸಹಿ ಹಾಕಿ ಹಿಂದಿರುಗಿಸುವರು. ಹಳೆಯದರಲ್ಲಿ ಮೊಲವಿತ್ತು, ಹೊಸದರಲ್ಲೂ ಮೊಲವೇ ಇರುತ್ತಿತ್ತು.

ನಿಷಾ ನೋಡುತ್ತಿದ್ದಂತೆಯೇ ಹೆಲೆನ ಹಟಕ್ಕೆ ಬಿದ್ದು, ಯೋಜನೆಗೆ ಸಹಿ ಹಾಕುವ ಕಂಪನಿಯ ಯುನುಸ ಅವರಿಗೆ ಫೋನು ಹಚ್ಚಿದಳು.

"ಮೊಲ ಬಿಟ್ಟು, ಬೆಳೆಸಿದ ಪದರದ ಮ್ಯಾಲ ಮಾಡಿದ್ರ ನಡೀತದೇನ್ರಿ?"

"ಜರೂರ ನಡೀತದರಿ ಮೇಡಂ. ಬ್ಯಾರೆ ಲ್ಯಾಬಿನವ್ರು ಹಂಗೇ ಮಾಡಿ ಕೊಡ್ತಾರ. ನೀವೇ ಪ್ರತಿ ಸಲ ಮೊಲ ಅಂತ ಬರ್ದು ಕಳಸ್ತಿದ್ರಿ. ನಿಮ್ಮ ಪದ್ಧತಿ ಅದೇ ಇರ್ಬೇಕಂತ ನಾವು ಸುಮ್ನಿದ್ವಿ."

ಹೆಲೆನ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಮೊದಲಿಂದೂ ನಡೀತಿತ್ತೇನ್ರಿ?"

"ಬಹಳ ವರ್ಷ ಆತ್ರಿ."

ಫೋನು ಇಟ್ಟಳು. ನಿಷಾಳ ಮುಖ ಅರಳಿತ್ತು. "ಇದರ ಜೀವ ಉಳೀತ್ರಿ ಮೇಡಂ," ಎಂದು ಗೂಡನ್ನು ಗೋಡೆಯ ಕಡೆಗೆ ಸರಿಸಿದಳು.

ಹೆಲೆನಳಿಗೂ ಸಂತೋಷವಾಗಬೇಕಿತ್ತು. ಆದರೆ ಇಷ್ಟು ವರ್ಷ ಪಾಪದ ಪಾಲು ಬೇರೆಯವರದೂ ಇದೆ ಎಂಬ ಒಂದೇ ಸಮಾಧಾನದಲ್ಲಿ ಅವಳು ಬದುಕಿದ್ದಳು. ಈಗ ಅದೂ ಹೋಗಿತ್ತು. ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂತಳು.

"ಇಲ್ಲಿ ಸತ್ತ ಮೊಲದಾಗ ಒಂದನ್ನೂ ಕಂಪನಿಯವ್ರು ಬೇಕಂತ ಕೇಳಿದ್ದಿಲ್ಲ ನಿಷಾ," ಎಂದಳು. "ನಾನೇ ಮೊಲ ಅಂತ ಬರೀತಿದ್ದೆ."