ನೇರ ಹೋಗುವ ದೀಪ

ನಮ್ಮ ಭಾವನಷ್ಟು ಜಾಗ್ರತೆಯಿಂದ ಕಾರು ಓಡಿಸುವವರು ಈ ಭೂಮಂಡಲದಲ್ಲೇ ಇಲ್ಲ. ಹಾಗೆ ಹೇಳುವವರು ಸ್ವತಃ ಭಾವನೇ. ಅವರ ಆಫೀಸೂ ನಾನು ಕೆಲಸ ಮಾಡುವ ಔಷಧದ ಗೋದಾಮೂ ಒಂದೇ ದಾರಿಯಲ್ಲಿದ್ದುದರಿಂದ ದಿನಾ ಬೆಳಿಗ್ಗೆ ನಾನು ಅವರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಬಸ್ಸಿನಲ್ಲಿ ಯಾಕೆ ನೇತಾಡಬೇಕು ಎಂದು ಅಕ್ಕನೇ ಈ ಏರ್ಪಾಡು ಮಾಡಿದ್ದಳು. ಅವಳಿಗೇನು, ಅವಳು ಆ ಕಾರು ಹತ್ತುವುದೇ ಅಪರೂಪ.

ಭಾವ ಸೀಟ್ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಕೀಂಕೀಂ ಎನ್ನುವ ಅದರ ಬಾಯಿ ಮುಚ್ಚಿಸುತ್ತಾರೆ. ಹಳದಿ ದೀಪ ಕಂಡರೆ ವೇಗ ಹೆಚ್ಚಿಸುತ್ತಾರೆ. ಫೋನು ಬಂದರೆ, ಡ್ರೈವ್ ಮಾಡ್ತಿದೀನಿ ಆಮೇಲೆ ಮಾತಾಡ್ತೀನಿ ಎಂದು ಹೇಳುವುದಕ್ಕಾಗಿ ಎತ್ತಿ, ಕಾಲು ಗಂಟೆ ಮಾತಾಡುತ್ತಾರೆ. ಇರಲಿ, ಇವೆಲ್ಲ ಊರಿಗೇ ಇರುವ ರೋಗ. ಅವರ ಸ್ವಂತ ಸಂಶೋಧನೆ ಬೇರೆ ಇದೆ. ನಾಲ್ಕು ರಸ್ತೆ ಸೇರುವಲ್ಲಿ ನೇರ ಹೋಗಬೇಕಾದಾಗ ಕೆಂಪು ತ್ರಿಕೋನದ ಗುಂಡಿ ಒತ್ತಿ, ನಾಲ್ಕೂ ಇಂಡಿಕೇಟರನ್ನು ಮಿನುಗಿಸುತ್ತಾರೆ. ಎಡಕ್ಕೆ ಎಡದ ದೀಪ, ಬಲಕ್ಕೆ ಬಲದ ದೀಪ, ಎರಡೂ ಉರಿದರೆ ಮಧ್ಯಕ್ಕೆ, ಅಂದರೆ ನೇರಕ್ಕೆ. ಎಂಥ ಲೆಕ್ಕ ನೋಡಿ! ಅದು ಕೆಟ್ಟು ನಿಂತ ಗಾಡಿಗೆ ಹಾಕುವ ದೀಪ ಎಂದು ಒಮ್ಮೆ ಹೇಳಿದ್ದೆ. ಸೈಕಲ್ಲೂ ತುಳಿಯಲು ಬಾರದವಳು ನನಗೆ ಪಾಠ ಹೇಳ್ತಾಳೆ ಎಂದು ಊಟಕ್ಕೆ ಕೂತಾಗಲೆಲ್ಲ ಆಡಿಕೊಂಡು ನಕ್ಕರು.

ಆವತ್ತು ಕೂಡುರಸ್ತೆಯಲ್ಲಿ ಒಂದು ವ್ಯಾನು ಬಲಕ್ಕೆ ತಿರುಗಲು ಕಾಯುತ್ತಾ ನಿಂತಿತ್ತು. ಕಾಯುವುದು ನಮ್ಮ ಭಾವನ ಜಾತಕದಲ್ಲಿಲ್ಲ. ನಾಲ್ಕೂ ದೀಪ ಹಾಕಿ, ವ್ಯಾನಿನ ಎಡಗಡೆಯ ಸಂದಿಯಲ್ಲಿ ಕಾರು ನುಗ್ಗಿಸಿದರು. ಎಡಗಡೆ ರಸ್ತೆಯ ಬಾಯಲ್ಲಿ ಸ್ಕೂಟರ್ ಮೇಲೆ ಒಬ್ಬ ಹುಡುಗಿ ಕಾಲೂರಿ ನಿಂತಿದ್ದಳು. ವ್ಯಾನಿನ ಹಿಂದಿನಿಂದ ಹೊರಬರುವಾಗ ನಮ್ಮ ಕಾರಿನ ಬಲ ಅರ್ಧ ಅದರ ಮರೆಯಲ್ಲಿತ್ತು. ಅವಳಿಗೆ ಕಂಡಿದ್ದು ಎಡದ ದೀಪ ಒಂದೇ. ಕಾರು ತನ್ನ ರಸ್ತೆಗೇ ತಿರುಗುತ್ತದೆಂದು ಅವಳು ಮುಂದೆ ಬಂದಳು. ನಾವು ಹೋಗಿ ಗುದ್ದಿದೆವು.

ಆಸ್ಪತ್ರೆಯಲ್ಲಿ ಅವಳ ಮುರಿದ ಕಾಲಿಗೆ ಪಟ್ಟಿ ಹಾಕಿ ಮಲಗಿಸಿದ್ದರು. ಪೊಲೀಸಿನವರೊಬ್ಬರು ಏನಾಯಿತೆಂದು ಕೇಳುತ್ತಿದ್ದರು. ಅವಳ ಅಪ್ಪ ಮಂಚದ ಪಕ್ಕ ನಿಂತು ಮಗಳ ಗಾಯಕ್ಕಿಂತ ಅವಳ ಸ್ಕೂಟರಿಗೇ ಹೆಚ್ಚು ಬೈಯುತ್ತಿದ್ದರು. ಗಾಡಿ ಬೇಡ ಎಂದು ಮೊದಲೇ ಬಡಕೊಂಡಿದ್ದರಂತೆ, ನಾಳೆಯೇ ಮಾರುತ್ತಾರಂತೆ, ಅಷ್ಟು ದೂರದ ಲ್ಯಾಬಿನ ಕೆಲಸವೂ ಇನ್ನು ಸಾಕಂತೆ. ಹುಡುಗಿ ಪೊಲೀಸಿನವರಿಗೆ ಭಾವನನ್ನು ತೋರಿಸಿದಳು.

"ಇವ್ರು ಎಡಕ್ಕೆ ತಿರುಗ್ತಾರೆ ಅಂದ್ಕೊಂಡೆ," ಎಂದಳು. "ನಾನೇ ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ. ತಪ್ಪಾಯ್ತು ಸರ್."

ಭಾವ ಧರ್ಮರಾಯನ ಮುಖ ಮಾಡಿಕೊಂಡರು. "ಹೋಗ್ಲಿ ಬಿಡಮ್ಮ. ಇನ್ಮೇಲಾದ್ರೂ ನೋಡ್ಕೊಂಡು ಓಡ್ಸು."

ನನಗೆ ಮೈಯೆಲ್ಲ ಉರಿದುಹೋಯಿತು. ಗುದ್ದಿದವರು ಕ್ಷಮಿಸುತ್ತಿದ್ದಾರೆ, ಕಾಲು ಮುರಿದುಕೊಂಡವಳು ಕ್ಷಮೆ ಕೇಳುತ್ತಿದ್ದಾಳೆ! ಆದರೆ ನಮ್ಮ ಅಪ್ಪ ತೀರಿಕೊಂಡ ಮೇಲೆ ನಾನಿರುವುದು ಇದೇ ಭಾವನ ಮನೆಯಲ್ಲಿ. ಉಂಡ ಮನೆಗೆ ಎರಡು ಬಗೆದಳು ಎಂದು ಅಕ್ಕ ಮುಖ ತಿರುಗಿಸಿದರೆ ನಾನು ಹೋಗುವುದೆಲ್ಲಿಗೆ? ಪೊಲೀಸಿನವರು ನನ್ನ ಕಡೆ ತಿರುಗಿ, ನೀವೂ ಕಾರಲ್ಲಿದ್ರಲ್ಲ, ಏನಾಯ್ತು ಎಂದರು. ಭಾವ ನನ್ನ ಪರವಾಗಿ ಆಗಲೇ ತಲೆಯಾಡಿಸುತ್ತಿದ್ದರು.

"ಆ ಹುಡುಗೀದು ತಪ್ಪಿಲ್ಲ," ಎಂದೆ. "ಇವ್ರು ನೇರ ಹೋಗೋದಕ್ಕೆ ಇಂಡಿಕೇಟರ್ ಹಾಕಿದ್ರು. ಅವಳಿಗೆ ಎಡಗಡೇದು ಮಾತ್ರ ಕಾಣ್ತಿತ್ತು."

ಭಾವ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ತಪ್ಪು ಮುಚ್ಚಿಕೊಳ್ಳುವ ಬುದ್ಧಿಯಾದರೂ ಇತ್ತೇ? ಅದೂ ಇಲ್ಲ. ಒಂದಲ್ಲ, ನಾಲ್ಕೂ ಹಾಕಿದ್ದೆ ಎಂದು ಎದೆಯುಬ್ಬಿಸಿ ಪೊಲೀಸಿನವರಿಗೆ ಹೇಳಿದರು. ನೇರ ಹೋಗುವಾಗ ಒಂದು ದಿನವೂ ತಪ್ಪಿಸಿದವರಲ್ಲವಂತೆ. ಪೊಲೀಸಿನವರು ಬರೆಯುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದರು. ಆ ನೋಟಕ್ಕೆ ಭಾವನ ದನಿ ಮೊದಲ ಸಲ ಇಳಿಯಿತು.

"ಮತ್ತೆ ನೇರ ಹೋಗೋಕೆ ಯಾವ ದೀಪ ಹಾಕ್ಬೇಕು?"

ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಇಷ್ಟು ವರ್ಷ ಗೊತ್ತಿಲ್ಲದೆಯೇ ಓಡಿಸಿದ್ದರು. ಉತ್ತರ ಬಂದದ್ದು ಮಂಚದಿಂದ.

"ನೇರ ಹೋಗೋಕೆ ಯಾವ ದೀಪಾನೂ ಇಲ್ಲ ಸರ್."

ಹೇಳಿದವಳು ಆ ಹುಡುಗಿ. ತಾನೇ ಆಡಿದ ಮಾತು ಆಗಷ್ಟೇ ಕಿವಿಗೆ ಬಿದ್ದಿತೇನೋ. ಮೊಣಕೈ ಊರಿ ಅರ್ಧ ಎದ್ದು, ಅಪ್ಪನ ತೋಳು ಹಿಡಿದುಕೊಂಡು, ಅಷ್ಟು ಹೊತ್ತು ಬಾರದಿದ್ದ ಅಳುವಿನಲ್ಲಿ ಹೇಳಿದಳು:

"ಅಪ್ಪಾ, ನಾನು ಸರಿಯಾಗೇ ನೋಡಿದ್ದೆ."